ಇಂಗ್ಲೆಂಡಿನ ಜಮೀನ್ದಾರರನ್ನು ಮುಳುಗಿಸಿದ್ದು ತೆರಿಗೆಯಾ, ಗೋಧಿಯಾ?

ಹಳೇಬೇರು:
ಇಂಗ್ಲೆಂಡಿನ ದೊಡ್ಡ ಬಂಗಲೆಗಳ ಕಥೆ ಇರುವ ಯಾವ ಟಿವಿ ಧಾರಾವಾಹಿ ಹಾಕಿದರೂ ಅದೇ ಹಾಡು. ಮನೆಯಲ್ಲಿ ನೂರು ಕೋಣೆ, ಯಜಮಾನರ ಕೈಯಲ್ಲಿ ಕಾಸಿಲ್ಲ. ಯಾಕೆ ಹೀಗಾಯ್ತು ಅಂತ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ.

1870ರ ದಶಕದಲ್ಲಿ ಅಲ್ಲಿನ ಸರ್ಕಾರ ಯಾರ ಹೆಸರಲ್ಲಿ ಎಷ್ಟು ಜಮೀನಿದೆ ಅಂತ ಲೆಕ್ಕ ತೆಗೆಸಿತ್ತು. ಬ್ರಿಟನ್, ಐರ್ಲೆಂಡ್ ಎರಡೂ ಸೇರಿ ಐದರಲ್ಲಿ ನಾಲ್ಕು ಪಾಲು ಭೂಮಿ 7,000ಕ್ಕಿಂತ ಕಡಿಮೆ ಜನರ ಕೈಯಲ್ಲಿತ್ತು. ಸದರ್‌ಲೆಂಡ್ ಡ್ಯೂಕ್ ಒಬ್ಬರದೇ 13 ಲಕ್ಷ ಎಕರೆ. (ಡ್ಯೂಕ್, ಮಾರ್ಕ್ವಿಸ್, ಅರ್ಲ್, ಲಾರ್ಡ್ ಅಂದರೆ ಅಲ್ಲಿನ ದೊಡ್ಡ ಮನೆತನಗಳ ವಂಶದ ಪದವಿಗಳು.) ತಮಾಷೆ ಏನಂದ್ರೆ, ಈ ಲೆಕ್ಕ ಆಗಲಿ ಅಂತ ಕೇಳಿದ್ದು ಲಾರ್ಡ್ ಡರ್ಬಿ, ಅಂದರೆ ಸ್ವತಃ ಒಬ್ಬ ದೊಡ್ಡ ಜಮೀನ್ದಾರ. ಭೂಮಿ ನಾಲ್ಕು ಜನರ ಕೈಯಲ್ಲಿದೆ ಅನ್ನುವುದು ಸುಳ್ಳು ಅಂತ ತೋರಿಸಲು ಹೋಗಿ ನಿಜ ಅಂತ ತೋರಿಸಿಬಿಟ್ಟರು.

ಮಂತ್ರಿಗಳು ಅವರೇ, ಸೇನೆಯ ಅಧಿಕಾರಿಗಳು ಅವರೇ, ಊರಿನ ಮ್ಯಾಜಿಸ್ಟ್ರೇಟರೂ ಅವರೇ. ಎಂಬತ್ತು ವರ್ಷ ಕಳೆಯುವಷ್ಟರಲ್ಲಿ ಬಹಳಷ್ಟು ಮನೆಗಳು ಖಾಲಿ. ಕ್ರಾಂತಿ ಆಗಿಲ್ಲ. ಯಾರ ತಲೆಯೂ ಹೋಗಿಲ್ಲ. ಇಂಗ್ಲೆಂಡಿನಲ್ಲಿ ನಮ್ಮ ಹಾಗೆ ಉಳುವವನಿಗೆ ಭೂಮಿ ಕೊಡುವ ಕಾನೂನೂ ಬಂದಿಲ್ಲ. ನಾನು ಓದಿದ ಕಡೆಯೆಲ್ಲ ಮರಣ ತೆರಿಗೆ, ಅಂದರೆ ಯಜಮಾನ ಸತ್ತಾಗ ಆಸ್ತಿಯ ಮೇಲೆ ಬೀಳುವ ತೆರಿಗೆ, ಅಂತ ಒಂದೇ ಉತ್ತರ. ಅಷ್ಟೇನಾ?

ಚುರುಮುರಿ:
ಕುದುರೆ ಜೂಜನ್ನು ಯಾಕೆ ಬಿಟ್ಟಿರಿ ಸಾರ್? 1867ರ ಡರ್ಬಿ ರೇಸಿನಲ್ಲಿ ಹರ್ಮಿಟ್ ಅನ್ನೋ ಕುದುರೆ ಗೆಲ್ಲಲ್ಲ ಅಂತ ಪಣ ಕಟ್ಟಿ ಹೇಸ್ಟಿಂಗ್ಸ್ ಮಾರ್ಕ್ವಿಸ್ ಸುಮಾರು 1,20,000 ಪೌಂಡ್ ಕಳಕೊಂಡ. ಆ ಕುದುರೆಯ ಮಾಲೀಕನ ಜೊತೆ ಮದುವೆ ನಿಶ್ಚಯವಾಗಿದ್ದ ಹುಡುಗಿಯನ್ನು ಹಾರಿಸಿಕೊಂಡು ಹೋಗಿ ಮದುವೆಯಾಗಿದ್ದವನೂ ಇವನೇ. ಮಾರನೇ ವರ್ಷ 26ನೇ ವಯಸ್ಸಿಗೇ ಸತ್ತ. ಇಂಥವರಿಗೆ ತೆರಿಗೆ ಬೇರೆ ಬೇಕಾ!

ಬಕಿಂಗ್‌ಹ್ಯಾಮಿನ ಎರಡನೇ ಡ್ಯೂಕ್ ಇನ್ನೊಬ್ಬ. ಸಾಲ ಮಾಡಿ ಜಮೀನು ಕೊಂಡ, ಮತ್ತೆ ಸಾಲ ಮಾಡಿ ಮೆರೆದ. 1848ರಲ್ಲಿ ಅವನ ಸ್ಟೋವ್ ಅರಮನೆಯ ಸಾಮಾನು 40 ದಿನ ಹರಾಜಾಯ್ತು. ಈಗ ಅದು ಶಾಲೆ.

ಮೂಲೆಮನೆ:
ಪೋಲಿ ಮಕ್ಕಳು ಎಲ್ಲ ಕಾಲದಲ್ಲೂ ಇದ್ದರು. ಒಬ್ಬ ಮುಳುಗಿದರೆ ಪಕ್ಕದ ಎಸ್ಟೇಟಿನವನು ಕೊಂಡುಕೊಳ್ಳುತ್ತಿದ್ದ. ಭೂಮಿ ಅದೇ ವರ್ಗದಲ್ಲೇ ಉಳಿಯುತ್ತಿತ್ತು. ಇಡೀ ವರ್ಗವೇ ಒಟ್ಟಿಗೆ ಇಳಿಯಲು ಶುರು ಮಾಡಿದ್ದು 1870ರ ದಶಕದ ಕೊನೆಯಲ್ಲಿ. ಕಾರಣ ಲಂಡನ್ನಿನಲ್ಲಿರಲಿಲ್ಲ, ಅಮೆರಿಕದ ಬಯಲಿನಲ್ಲಿತ್ತು.

ಹಿನ್ನೆಲೆ ಇಷ್ಟು. ಹೊರಗಿನ ಧಾನ್ಯಕ್ಕೆ ಸುಂಕ ಹಾಕಿ ದೇಶದ ಗೋಧಿಗೆ ಬೆಲೆ ಕಾಪಾಡುತ್ತಿದ್ದ ಕಾನೂನನ್ನು ಬ್ರಿಟನ್ 1846ರಲ್ಲೇ ತೆಗೆಯಿತು. ಜಮೀನ್ದಾರರು ಬೊಬ್ಬೆ ಹೊಡೆದರು. ಆದರೆ ಮೂವತ್ತು ವರ್ಷ ಏನೂ ಆಗಲಿಲ್ಲ, ಯಾಕಂದ್ರೆ ಅಗ್ಗದ ಗೋಧಿ ತಂದು ಹಾಕುವ ದಾರಿಯೇ ಇರಲಿಲ್ಲ. ಆಮೇಲೆ ಅಮೆರಿಕದ ಒಳನಾಡಿಗೆ ರೈಲು ಹೋಯ್ತು, ಸಮುದ್ರಕ್ಕೆ ಹಬೆ ಹಡಗು ಬಂತು. 1879ರಲ್ಲಿ ಇಂಗ್ಲೆಂಡಿನಲ್ಲಿ ಮಳೆ ಸುರಿದು ಬೆಳೆ ಕೊಳೆಯಿತು. ಮೊದಲೆಲ್ಲ ಬೆಳೆ ಕೆಟ್ಟರೆ ಬೆಲೆ ಏರುತ್ತಿತ್ತು, ರೈತನಿಗೆ ಹೇಗೋ ಸರಿಹೋಗುತ್ತಿತ್ತು. ಈ ಸಲ ಬೆಳೆಯೂ ಇಲ್ಲ, ಬೆಲೆಯೂ ಇಲ್ಲ. ಹಡಗಿನಲ್ಲಿ ಗೋಧಿ ಬಂದು ಬಿದ್ದಿತ್ತು.

ಒಂದು ಕ್ವಾರ್ಟರ್ ಗೋಧಿಗೆ, ಅಂದರೆ ಹೆಚ್ಚುಕಡಿಮೆ ಎರಡು ಕ್ವಿಂಟಾಲಿಗೆ, 1877ರಲ್ಲಿ 56 ಶಿಲಿಂಗ್ 9 ಪೆನ್ಸ್. 1894ರಲ್ಲಿ 22 ಶಿಲಿಂಗ್ 10 ಪೆನ್ಸ್. ಅರ್ಧಕ್ಕಿಂತ ಕೆಳಗೆ. 1882ರಲ್ಲಿ ನ್ಯೂಜಿಲೆಂಡಿನಿಂದ ಮಂಜಿನ ಕೋಣೆಯ ಹಡಗಿನಲ್ಲಿ ಕುರಿಮಾಂಸವೂ ಬಂತು. ಗೇಣಿದಾರರು ಜಮೀನು ಬಿಟ್ಟು ಹೊರಟರು, ಉಳಿದವರು ಗೇಣಿ ಇಳಿಸಿ ಅಂದರು. ಇಪ್ಪತ್ತು ವರ್ಷದಲ್ಲಿ ಗೇಣಿ ಸರಾಸರಿ ಕಾಲುಭಾಗ ಇಳಿಯಿತು. ಗೋಧಿ ಬೆಳೆಯುವ ಪೂರ್ವದ ಜಿಲ್ಲೆಗಳಲ್ಲಿ ಇನ್ನೂ ಜಾಸ್ತಿ. ಹಾಲು ಕರೆಯುವ ಪಶ್ಚಿಮದ ಜಿಲ್ಲೆಗಳು ಬಚಾವಾದವು, ಹಾಲನ್ನು ಅಮೆರಿಕದಿಂದ ತರೋಕಾಗಲ್ಲ ನೋಡಿ.

ಈಗ ತೆರಿಗೆಯ ವಿಷಯ. ಹಾರ್ಕೋರ್ಟ್ ಅನ್ನುವ ಹಣಕಾಸು ಮಂತ್ರಿ ಎಸ್ಟೇಟ್ ಡ್ಯೂಟಿ ಅನ್ನುವ ಮರಣ ತೆರಿಗೆ ತಂದದ್ದು 1894ರಲ್ಲಿ. ಗೋಧಿ ನೆಲ ಮುಟ್ಟಿದ ಅದೇ ವರ್ಷ. ಆಗ ಹತ್ತು ಲಕ್ಷ ಪೌಂಡ್ ದಾಟಿದ ಆಸ್ತಿಗೂ ನೂರಕ್ಕೆ 8 ಮಾತ್ರ. ಅಂದರೆ ತೆರಿಗೆ ಬರುವ ಹೊತ್ತಿಗೆ ಪೆಟ್ಟು ಬಿದ್ದು ಹದಿನೈದು ವರ್ಷ ಆಗಿತ್ತು.

ಹಳೇಬೇರು:
ಗೇಣಿ ಕಾಲುಭಾಗ ಇಳಿದರೆ ದಿವಾಳಿ ಯಾಕೆ ಆಗಬೇಕು? ಮುಕ್ಕಾಲು ಉಳಿದಿದೆಯಲ್ಲ. ಒಂದೆರಡು ಆಳು ಕಡಿಮೆ ಮಾಡಿಕೊಂಡರೆ ಆಗಲ್ವಾ?

ಲೆಕ್ಕದಕ್ಕ:
ಆಗಲ್ಲ. ಬ್ಯಾಲೆನ್ಸ್ ಶೀಟ್ ನೋಡುವುದೇ ನನ್ನ ಕೆಲಸ, ಇದು ನನ್ನ ಏರಿಯಾ.

ಅಲ್ಲಿ ಆಸ್ತಿ ಪೂರಾ ಹಿರಿಮಗನಿಗೆ. ಆದರೆ ಅವನೂ ನಿಜವಾದ ಮಾಲೀಕನಲ್ಲ. ಮನೆತನದ ಕರಾರು ಪತ್ರ ಒಂದಿರುತ್ತದೆ. ಅದರ ಪ್ರಕಾರ ಅವನು ಬದುಕಿರುವವರೆಗೆ ಅನುಭವಿಸಬಹುದು, ಮಾರುವ ಹಾಗಿಲ್ಲ. ಮಗನಿಗೆ 21 ತುಂಬಿದಾಗ ಅಪ್ಪ-ಮಗ ಕೂತು ಮತ್ತೊಂದು ತಲೆಮಾರಿಗೆ ಅದೇ ಗಂಟು ಹಾಕುತ್ತಿದ್ದರು. ಮಗನಿಗೆ ಆಗ ಕೈಖರ್ಚಿಗೆ ಒಂದಿಷ್ಟು ಕೊಟ್ಟರೆ ಸಾಕು, ಸಹಿ ಹಾಕುತ್ತಿದ್ದ.

ಆದರೆ ಮನೆಯ ಉಳಿದವರ ಗತಿ? ವಿಧವೆ ತಾಯಿಗೆ ವರ್ಷಕ್ಕಿಷ್ಟು ಜೀವನಾಂಶ, ಅಕ್ಕತಂಗಿಯರ ಮದುವೆಗೆ ಇಷ್ಟು, ತಮ್ಮಂದಿರಿಗೆ ಇಷ್ಟು. ಎಲ್ಲವೂ ಭೂಮಿಯ ಮೇಲಿನ ಭಾರ. ಕೈಯಲ್ಲಿ ನಗದು ಇಲ್ಲದಿದ್ದರೆ ಅಡಮಾನ ಇಟ್ಟು ಕೊಡುವುದು. ಅದಕ್ಕೆ ಬಡ್ಡಿ.

ಉದಾಹರಣೆಗೆ ವರ್ಷಕ್ಕೆ 10,000 ಪೌಂಡ್ ಗೇಣಿ ಬರುವ ಎಸ್ಟೇಟ್ ಅಂದುಕೊಳ್ಳಿ. ಅದರಲ್ಲಿ 5,000 ಜೀವನಾಂಶಕ್ಕೆ, ಬಡ್ಡಿಗೆ ಹೋಗುತ್ತದೆ. ಯಜಮಾನನಿಗೆ ಉಳಿಯುವುದು 5,000. ಗೇಣಿ ಕಾಲುಭಾಗ ಇಳಿದು 7,500 ಆಯ್ತು. ಅಮ್ಮನ ಜೀವನಾಂಶ ಇಳಿಯುತ್ತಾ? ಇಲ್ಲ. ಬಡ್ಡಿ ಇಳಿಯುತ್ತಾ? ಇಲ್ಲ. ಉಳಿದದ್ದು 2,500. ಗೇಣಿ ಇಳಿದದ್ದು ಕಾಲು, ಯಜಮಾನನ ಆದಾಯ ಇಳಿದದ್ದು ಅರ್ಧ. ಜೊತೆಗೆ ಗೇಣಿದಾರ ಓಡಿಹೋಗದಿರಲಿ ಅಂತ ಕೊಟ್ಟಿಗೆ ರಿಪೇರಿ, ಬಸಿಗಾಲುವೆ ಎಲ್ಲ ಇವನೇ ಮಾಡಿಸಿಕೊಡಬೇಕು.

ಸಾಲ ಕಡಿಮೆ ಇದ್ದವರು ತಾಳಿಕೊಂಡರು. ಅಪ್ಪ-ಅಜ್ಜ ಅಡಮಾನ ಇಟ್ಟು ಹೋದವರು ಸಿಕ್ಕಿಬಿದ್ದರು. ತಪ್ಪು ಮಾಡಿದವನು ಒಬ್ಬ, ಬಡ್ಡಿ ಕಟ್ಟಿದವನು ಇನ್ನೊಬ್ಬ.

ತುಂಗಾತೀರ:
ಮಾರಲು ಆಗದಿದ್ದರೆ ಅಷ್ಟೊಂದು ಎಸ್ಟೇಟು, ಪೇಂಟಿಂಗು ಹರಾಜಿಗೆ ಬಂದದ್ದು ಹೇಗೆ ಅಕ್ಕಾ?

ಲೆಕ್ಕದಕ್ಕ:
1882ರಲ್ಲಿ ಕಾನೂನು ಬದಲಾಯ್ತು. ಕರಾರು ಏನೇ ಇರಲಿ, ಅನುಭವಿಸುತ್ತಿರುವವನು ಜಮೀನು ಮಾರಬಹುದು, ಬಂದ ದುಡ್ಡು ಮಾತ್ರ ಟ್ರಸ್ಟಿಗಳ ಕೈಗೆ ಹೋಗಬೇಕು ಅಂತ. ಮನೆತನದ ಚಿತ್ರ, ಪುಸ್ತಕಗಳನ್ನೂ ಕೋರ್ಟಿನ ಅನುಮತಿ ಪಡೆದು ಮಾರಬಹುದಾಯ್ತು. ಇದನ್ನು ಯಾವ ಶತ್ರುವೂ ತಂದದ್ದಲ್ಲ, ಅವರಿಗೇ ಬೇಕಿತ್ತು.

ಮೂಲೆಮನೆ:
ಅದೇ 1882ರಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಡ್ಯೂಕ್ ತಮ್ಮ ಅರಮನೆಯ ಚಿತ್ರ, ಪೀಠೋಪಕರಣ ಮಾರಿದರು. ಸುಮಾರು 4 ಲಕ್ಷ ಪೌಂಡ್ ಬಂತು. ಅರಮನೆಯ ಕಥೆ ಮುಂದೆ ಇನ್ನೂ ವಿಚಿತ್ರ. ಅವರದೇ ಜಮೀನಿನ ಅಡಿಯಲ್ಲಿ ಕಲ್ಲಿದ್ದಲು ತೋಡಿ ತೋಡಿ ನೆಲ ಕುಸಿಯಿತು. 1920ರ ದಶಕದಲ್ಲಿ ಅರಮನೆಯನ್ನೇ ಕೆಡವಿದರು.

ಮಾರ್ಲ್‌ಬರೋ ಡ್ಯೂಕುಗಳು ಬ್ಲೆನಿಮ್ ಅರಮನೆಯ ಲೈಬ್ರರಿ ಮಾರಿದರು. 1885ರಲ್ಲಿ ರಾಫೆಲ್ ಬರೆದ ಒಂದು ಚಿತ್ರವನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿ 70,000 ಪೌಂಡ್ ಕೊಟ್ಟು ಕೊಂಡಿತು. ಮಾರಲು ಇನ್ನೇನೂ ಉಳಿಯದಾಗ ಒಂಬತ್ತನೇ ಡ್ಯೂಕ್ 1895ರಲ್ಲಿ ಅಮೆರಿಕದ ರೈಲ್ವೆ ಕುಬೇರ ವಾಂಡರ್‌ಬಿಲ್ಟ್ ಮನೆಯ ಮಗಳು ಕಾನ್ಸುಯೆಲೊಳನ್ನು ಮದುವೆಯಾದ. ವರದಕ್ಷಿಣೆ 25 ಲಕ್ಷ ಡಾಲರ್ ಬೆಲೆಯ ರೈಲ್ವೆ ಷೇರು. ಹುಡುಗಿಗೆ ಬೇರೊಬ್ಬನ ಮೇಲೆ ಮನಸ್ಸಿತ್ತು, ತಾಯಿ ಬಿಡಲಿಲ್ಲ. ಮದುವೆ ಉಳಿಯಲಿಲ್ಲ, ಅರಮನೆ ಉಳಿಯಿತು.

ಯೋಚಿಸಿ ನೋಡಿ. ಅಮೆರಿಕದ ರೈಲು ಗೋಧಿ ತಂದು ಡ್ಯೂಕಿನ ಗೇಣಿ ಇಳಿಸಿತು. ಅದೇ ರೈಲಿನ ಲಾಭ ಸೊಸೆಯ ಜೊತೆ ಅವನ ಮನೆಗೆ ಬಂತು.

ತುಂಗಾತೀರ:
ನಮ್ಮ ವೈಸರಾಯ್ ಕರ್ಜನ್ ಕೂಡ ಹಾಗೇ ಅಲ್ವಾ? ಹೆಂಡತಿ ಮೇರಿ ಲೈಟರ್, ಶಿಕಾಗೋದ ದೊಡ್ಡ ವ್ಯಾಪಾರಿಯ ಮಗಳು. ಮದುವೆ ಆದದ್ದೂ 1895ರಲ್ಲೇ. ಕರ್ಜನ್ ಮನೆತನದ ಕೆಡಲ್‌ಸ್ಟನ್ ಬಂಗಲೆಯ ನಕ್ಷೆ ನೋಡಿಯೇ ಕಲ್ಕತ್ತದ ಗವರ್ನಮೆಂಟ್ ಹೌಸ್, ಅಂದರೆ ಈಗಿನ ರಾಜ್ಯಪಾಲರ ನಿವಾಸ, ಕಟ್ಟಿದ್ದು. ಕರ್ಜನ್ ಹುಟ್ಟುವುದಕ್ಕೂ ಎಷ್ಟೋ ಮುಂಚೆ. ಊರಲ್ಲಿ ಇದ್ದಂಥದ್ದೇ ಮನೆಗೆ ವೈಸರಾಯ್ ಆಗಿ ಬಂದು ಕೂತರು!

ಗಿರಣಿ ಹುಡುಗ:
ಎಲ್ಲರೂ ಪಾಪ ಪಾಪ ಅಂತಿದ್ದೀರಿ. ಯಾಕ್ರೀ ಪಾಪ? 1810ರ ದಶಕದಲ್ಲಿ ಸದರ್‌ಲೆಂಡ್ ಎಸ್ಟೇಟಿನವರು ಕುರಿ ಮೇಯಿಸಲಿಕ್ಕೆ ಒಕ್ಕಲುಗಳನ್ನು ಎಬ್ಬಿಸಿದರು, ಮನೆಗಳಿಗೆ ಬೆಂಕಿ ಹಚ್ಚಿದರು. ಮೇಲೆ ಹೇಳಿದ 13 ಲಕ್ಷ ಎಕರೆ ಅದೇ ಎಸ್ಟೇಟು. ಐರ್ಲೆಂಡಿನಲ್ಲಿ ಬರಗಾಲ ಬಂದಾಗ ಗೇಣಿ ಕಟ್ಟದವರನ್ನು ಹೊರಗೆ ಹಾಕಿದವರು ಯಾರು? ಇವರೇ ತಾನೇ.

ಮತ್ತೆ ಉಳುವವನಿಗೆ ಭೂಮಿ ಕೊಡುವ ಕಾನೂನು ಬಂದಿಲ್ಲ ಅಂದಿರಿ. ಇಂಗ್ಲೆಂಡಿನ ಮಟ್ಟಿಗೆ ಸರಿ. ಐರ್ಲೆಂಡಿನಲ್ಲಿ ಬಂತು, ಅದೂ ಬ್ರಿಟಿಷ್ ಪಾರ್ಲಿಮೆಂಟೇ ಮಾಡಿತು. 1879ರಿಂದ ಒಕ್ಕಲುಗಳು ಸಂಘ ಕಟ್ಟಿದರು. ಗೇಣಿ ಕೊಡಲ್ಲ ಅಂದರು, ಒಬ್ಬನನ್ನು ಎಬ್ಬಿಸಿದರೆ ಆ ಜಮೀನನ್ನು ಇನ್ನೊಬ್ಬ ಹಿಡಿಯಬಾರದು ಅಂದರು. ಕೊನೆಗೆ 1903ರ ಕಾಯ್ದೆ. ಸರ್ಕಾರವೇ ಸಾಲ ಕೊಟ್ಟು ಒಕ್ಕಲಿಗೆ ಜಮೀನು ಕೊಡಿಸಿತು. ವರ್ಷಕ್ಕೆ ನೂರಕ್ಕೆ ಮೂರೂಕಾಲರಂತೆ 68 ವರ್ಷ ಆರು ತಿಂಗಳು ಕಂತು. ಮಾರಿದ ಜಮೀನ್ದಾರನಿಗೆ ಬೆಲೆಯ ಮೇಲೆ ನೂರಕ್ಕೆ 12 ಬೋನಸ್ ಬೇರೆ! ಹೊರಟುಹೋಗು ಮಾರಾಯ ಅಂತ ದುಡ್ಡು ಕೊಟ್ಟು ಕಳಿಸಿದ ಹಾಗೆ. ಆಮೇಲೆ 1920ರಿಂದ 1923ರ ಗಲಾಟೆಯಲ್ಲಿ ಇನ್ನೂರಕ್ಕೂ ಹೆಚ್ಚು ದೊಡ್ಡ ಮನೆಗಳು ಸುಟ್ಟುಹೋದವು.

ಮೂಲೆಮನೆ:
ಇದು ಒಳ್ಳೆಯ ಮಾತು. ಪಾಪ ಅಂತ ನಾನೂ ಹೇಳಲ್ಲ. ಐರ್ಲೆಂಡಿನ ಒಕ್ಕಲುಗಳು ಹೋರಾಡಿ ಗೆದ್ದರು. ಇಂಗ್ಲೆಂಡಿನ ಒಕ್ಕಲು ಹೋರಾಡಲೇ ಇಲ್ಲ. ಅಲ್ಲಿ ಜಮೀನ್ದಾರನೇ ಮಾರಿ ಹೊರಟ. ಎರಡೂ ಬೇರೆ ಬೇರೆ ಕಥೆ.

ಹಳೇಬೇರು:
ಅಧಿಕಾರ? ದುಡ್ಡು ಹೋದ ಮೇಲೆ ಅಧಿಕಾರ ಹೋಯ್ತಾ, ಅಧಿಕಾರ ಹೋದ ಮೇಲೆ ದುಡ್ಡು ಹೋಯ್ತಾ?

ವಿಧಾನವೀಧಿ:
ಅಧಿಕಾರ ಒಂದೇ ಸಲಕ್ಕೆ ಹೋಗಲಿಲ್ಲ, ಬೇರೆ ಬೇರೆ ಬಾಗಿಲಿಂದ ಹೋಯ್ತು. 1870ರಲ್ಲಿ ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬಂತು. 1871ರಲ್ಲಿ ಸೇನೆಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುವುದು ನಿಂತಿತು. 1872ರಲ್ಲಿ ಗುಟ್ಟಿನ ಮತದಾನ, ಅಲ್ಲಿಗೆ ಒಕ್ಕಲು ಯಾರಿಗೆ ವೋಟು ಹಾಕಿದ ಅಂತ ಧಣಿಗೆ ಗೊತ್ತಾಗುವುದಿಲ್ಲ. 1884ರಲ್ಲಿ ಹಳ್ಳಿಯ ಕೂಲಿಯವರಿಗೂ ವೋಟು. 1888ರಲ್ಲಿ ಜಿಲ್ಲೆಯ ಆಡಳಿತ ಮ್ಯಾಜಿಸ್ಟ್ರೇಟರ ಕೈಯಿಂದ ಚುನಾಯಿತ ಕೌನ್ಸಿಲಿಗೆ. ದೊಡ್ಡ ಸುದ್ದಿ ಆಗದ ಕಾನೂನುಗಳು ಇವು. ನನ್ನ ಲೆಕ್ಕದಲ್ಲಿ ಅಡಿಪಾಯ ಅಲುಗಿದ್ದು ಇಲ್ಲೇ.

ಸುದ್ದಿ ಆದದ್ದು 1909ರಲ್ಲಿ. ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಬಜೆಟ್. ಮುದುಕರಿಗೆ ಪಿಂಚಣಿ ಕೊಡಬೇಕು, ಯುದ್ಧನೌಕೆ ಕಟ್ಟಬೇಕು, ದುಡ್ಡು ಶ್ರೀಮಂತರು ಕೊಡಲಿ ಅಂದರು. ಎಲ್ಲ ಸವಲತ್ತಿರುವ ಒಬ್ಬ ಡ್ಯೂಕನ್ನು ಸಾಕುವ ಖರ್ಚಿನಲ್ಲಿ ಎರಡು ಯುದ್ಧನೌಕೆ ಸಾಕಬಹುದು ಅಂತ ಭಾಷಣದಲ್ಲಿ ಚುಚ್ಚಿದರು. ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಕೂರುವ ಲಾರ್ಡುಗಳು ಸಿಟ್ಟಿಗೆದ್ದು 1909ರ ನವೆಂಬರ್ 30ರಂದು ಬಜೆಟ್ಟನ್ನೇ ತಿರಸ್ಕರಿಸಿದರು. 350 ಮತ ವಿರುದ್ಧ, 75 ಪರ. ಚುನಾಯಿತ ಸದನ ಒಪ್ಪಿದ ಬಜೆಟ್ಟಿಗೆ ಲಾರ್ಡುಗಳು ಕೈ ಹಾಕುವ ಪದ್ಧತಿಯೇ ಇರಲಿಲ್ಲ.

ಬುದ್ಧಿ ಇದ್ದಿದ್ದರೆ ಸುಮ್ನೆ ಇರುತ್ತಿದ್ದರು. 1910ರಲ್ಲಿ ಎರಡು ಚುನಾವಣೆ ನಡೆದವು. ಒಪ್ಪದಿದ್ದರೆ ನೂರಾರು ಹೊಸ ಲಾರ್ಡುಗಳನ್ನು ತುಂಬುತ್ತೇವೆ ಅಂತ ಸರ್ಕಾರ ಹೆದರಿಸಿತು. ರಾಜನ ಒಪ್ಪಿಗೆಯೂ ಸಿಕ್ಕಿತ್ತು. 1911ರ ಆಗಸ್ಟಿನಲ್ಲಿ 131ಕ್ಕೆ 114 ಮತಗಳಿಂದ ತಮ್ಮ ವೀಟೋ ಅಧಿಕಾರವನ್ನು ತಾವೇ ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಮಸೂದೆಯನ್ನು ಎರಡು ವರ್ಷ ತಡೆಯಬಹುದು, ಅಷ್ಟೇ. 1949ರಲ್ಲಿ ಅದೂ ಒಂದು ವರ್ಷಕ್ಕಿಳಿಯಿತು.

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ, ಆ ಬಜೆಟ್ಟಿನಲ್ಲಿದ್ದ ಭೂಮಿ ತೆರಿಗೆಗಳು ಏನಾದವು ಗೊತ್ತಾ? ವಸೂಲಿಗೆ ಆದ ಖರ್ಚಿನಷ್ಟೂ ಹುಟ್ಟಲಿಲ್ಲ. 1920ರಲ್ಲಿ ಲಾಯ್ಡ್ ಜಾರ್ಜ್ ಪ್ರಧಾನಿ ಆಗಿದ್ದಾಗಲೇ ರದ್ದಾದವು. ಲಾರ್ಡುಗಳು ಹೋರಾಡಿ ಕಳಕೊಂಡರು, ಸುಮ್ಮನಿದ್ದರೆ ಉಳಿಯುತ್ತಿತ್ತು.

ಕರ್ಜನ್ ವಿಷಯ ಬಂತಲ್ಲ, 1923ರಲ್ಲಿ ಪ್ರಧಾನಿ ಆಗುತ್ತೇನೆ ಅಂತ ಅವರು ಖಚಿತವಾಗಿ ನಂಬಿದ್ದರು. ಆದರೆ ಅವರು ಲಾರ್ಡ್ಸ್ ಸದನದವರು, ಅಂದರೆ ಮೇಲ್ಮನೆಯವರು. ರಾಜ ಬಾಲ್ಡ್‌ವಿನ್ನರನ್ನು ಕರೆದ, ಅವರು ಕೆಳಮನೆಯವರು. ಮುಖ್ಯ ವಿರೋಧ ಪಕ್ಷ ಲೇಬರ್, ಲಾರ್ಡ್ಸ್ ಸದನದಲ್ಲಿ ಆ ಪಕ್ಷದವರು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕೂತು ಪ್ರಧಾನಿ ಉತ್ತರ ಕೊಡುವುದು ಯಾರಿಗೆ? 1963ರಲ್ಲಿ ಲಾರ್ಡ್ ಹೋಮ್ ಪ್ರಧಾನಿ ಆಗಲು ಮನೆತನದ ಪದವಿಯನ್ನೇ ಬಿಡಬೇಕಾಯ್ತು. 1999ರಲ್ಲಿ 600ಕ್ಕೂ ಹೆಚ್ಚು ವಂಶಪಾರಂಪರ್ಯ ಲಾರ್ಡುಗಳನ್ನು ಹೊರಗೆ ಕಳಿಸಿ 92 ಮಂದಿಯನ್ನು ಉಳಿಸಿದರು. ಅವರನ್ನೂ ತೆಗೆಯುವ ಮಸೂದೆ 2024ರಲ್ಲಿ ಬಂತು.

ತುಂಗಾತೀರ:
ಮೊದಲ ಮಹಾಯುದ್ಧದ ಬಗ್ಗೆ ಯಾರೂ ಹೇಳಲಿಲ್ಲ. ವಾರಸುದಾರ ಸತ್ತ, ತೆರಿಗೆ ಬಿತ್ತು, ತಮ್ಮನೂ ಸತ್ತ, ಮತ್ತೆ ತೆರಿಗೆ ಬಿತ್ತು ಅಂತ ಕೇಳಿದ್ದೆ.

ಲೆಕ್ಕದಕ್ಕ:
ಸತ್ತದ್ದು ನಿಜ. ಸೇನೆ ಸೇರಿದ ಲಾರ್ಡುಗಳು, ಅವರ ಮಕ್ಕಳಲ್ಲಿ ಐವರಿಗೊಬ್ಬರು ಸತ್ತರು ಅಂತ ಲೆಕ್ಕವಿದೆ. ಆದರೆ ಯುದ್ಧದಲ್ಲಿ ಸತ್ತವರ ಆಸ್ತಿಗೆ ಡ್ಯೂಟಿಯಲ್ಲಿ ರಿಯಾಯಿತಿ ಕೊಡುವ ಕಾನೂನು 1914ರಲ್ಲೇ ಬಂದಿತ್ತು. ಹಾಗಾಗಿ ಎರಡೆರಡು ಸಲ ತೆರಿಗೆ ಬಿದ್ದು ಮನೆ ಮುಳುಗಿತು ಅನ್ನುವ ಕಥೆಗಳನ್ನೆಲ್ಲ ಹಾಗೇ ನಂಬಬೇಡಿ. ಹಿಂಡಿದ್ದು ಆದಾಯ ತೆರಿಗೆ. ಯುದ್ಧಕ್ಕೆ ಮುಂಚೆ ಪೌಂಡಿಗೆ 1 ಶಿಲಿಂಗ್ 2 ಪೆನ್ಸ್ ಇದ್ದದ್ದು 1918ಕ್ಕೆ 6 ಶಿಲಿಂಗ್ ಆಯ್ತು. ಪೌಂಡಿಗೆ 20 ಶಿಲಿಂಗ್, ಲೆಕ್ಕ ಹಾಕಿಕೊಳ್ಳಿ. 1919ರಲ್ಲಿ ಎಸ್ಟೇಟ್ ಡ್ಯೂಟಿಯೂ ಮೇಲಿನ ಹಂತದಲ್ಲಿ ನೂರಕ್ಕೆ 40 ಮುಟ್ಟಿತು.

ಮೂಲೆಮನೆ:
1918ರಿಂದ 1921ರ ನಡುವೆ ಭಾರೀ ಮಾರಾಟ ಆಯ್ತು. ಇಂಗ್ಲೆಂಡಿನ ಕಾಲುಭಾಗ ಭೂಮಿ ಕೈ ಬದಲಾಯಿಸಿತು ಅಂತ ಬಹಳ ಕಾಲ ಎಲ್ಲರೂ ಬರೆದರು. ಈಚಿನ ಇತಿಹಾಸಕಾರರು ಅದು ಉಬ್ಬಿಸಿದ ಲೆಕ್ಕ, ನಿಜವಾದದ್ದು ತುಂಬಾ ಕಡಿಮೆ ಅನ್ನುತ್ತಾರೆ. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಪತ್ರಿಕೆಗಳಿಗೆ ಡ್ಯೂಕ್ ಮಾರಿದರೆ ಸುದ್ದಿ, ಮಾರದಿದ್ದರೆ ಸುದ್ದಿಯಿಲ್ಲ.

ಕೊಂಡವರು ಯಾರು ಅನ್ನುವುದು ಇನ್ನೂ ಮುಖ್ಯ. ಹೆಚ್ಚಿನವರು ಅದೇ ಜಮೀನಿನ ಗೇಣಿದಾರರು. ಯುದ್ಧದಲ್ಲಿ ಧಾನ್ಯದ ಬೆಲೆ ಏರಿ ಅವರ ಕೈಯಲ್ಲಿ ದುಡ್ಡಿತ್ತು. ಜಮೀನಿಗೂ ಒಳ್ಳೆ ಬೆಲೆ ಬಂದಿತ್ತು. ಧಣಿ ಮಾರಿದ, ಒಕ್ಕಲು ಬ್ಯಾಂಕ್ ಸಾಲ ಮಾಡಿ ಕೊಂಡ. 1921ರಲ್ಲಿ ಸರ್ಕಾರ ಬೆಂಬಲ ಬೆಲೆ ಕೈಬಿಟ್ಟಿತು, ಬೆಲೆ ಪಾತಾಳಕ್ಕೆ ಹೋಯ್ತು. ನೆಲಕ್ಕೆ ಒಡೆಯನಾದ ಖುಷಿಯಲ್ಲಿದ್ದ ಒಕ್ಕಲು ಸಾಲದಲ್ಲಿ ಸಿಕ್ಕಿಬಿದ್ದ. ಧಣಿ ಆ ದುಡ್ಡನ್ನು ಷೇರಿಗೆ, ಸರ್ಕಾರಿ ಬಾಂಡಿಗೆ ಹಾಕಿ ಆರಾಮಾಗಿದ್ದ. ಸೋತವರು ಯಾರು ಈಗ ಹೇಳಿ.

ಶೆಫೀಲ್ಡ್ ಕನ್ನಡಿಗ:
ನಾನಿರುವ ಊರಿನ ಹತ್ತಿರದ್ದೇ ಒಂದು ಮನೆಯ ಕಥೆ ಹೇಳುತ್ತೇನೆ. ವೆಂಟ್‌ವರ್ತ್ ವುಡ್‌ಹೌಸ್. ಎದುರಿನ ಮುಖವೇ 606 ಅಡಿ. ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯಲ್ಲಿರುವವರನ್ನು ಕರೆದರೆ ಕೇಳುವುದಿಲ್ಲ, ನಾವು ಮಕ್ಕಳ ಜೊತೆ ಹೋದಾಗ ಕೂಗಿ ನೋಡಿದ್ದೇವೆ. ಫಿಟ್ಜ್‌ವಿಲಿಯಂ ಅರ್ಲುಗಳ ಮನೆ. ಇವರಿಗೆ ಗೋಧಿ ಬೆಲೆ ಬಿದ್ದರೆ ದೊಡ್ಡ ಚಿಂತೆ ಇರಲಿಲ್ಲ, ನೆಲದಡಿಯಲ್ಲಿ ಕಲ್ಲಿದ್ದಲಿತ್ತು.

ಕಲ್ಲಿದ್ದಲಿದ್ದವರಿಗೆ ಪೆಟ್ಟು ಬಿದ್ದದ್ದು ತಡವಾಗಿ. 1938ರ ಕಾನೂನಿನಿಂದ ನೆಲದಡಿಯ ಕಲ್ಲಿದ್ದಲಿನ ಹಕ್ಕನ್ನೇ ಸರ್ಕಾರ ಪರಿಹಾರ ಕೊಟ್ಟು ತೆಗೆದುಕೊಂಡಿತು. 1947ರ ಜನವರಿ 1ಕ್ಕೆ ಗಣಿಗಳೂ ಸರ್ಕಾರದ್ದಾದವು. ಅದಕ್ಕೆ ಮುಂಚಿನ ವರ್ಷವೇ ಇಂಧನ ಮಂತ್ರಿ ಶಿನ್ವೆಲ್ ಈ ಮನೆಯ ತೋಟದಲ್ಲಿ ಕಲ್ಲಿದ್ದಲು ತೆಗೆಯಲು ಹೇಳಿದ್ದರು. ಯುದ್ಧ ಮುಗಿದ ಹೊಸದು, ದೇಶಕ್ಕೆ ಇಂಧನ ಬೇಕಿತ್ತು, ನಿಜ. ಯಂತ್ರಗಳು ಮರ ಬುಡಮೇಲು ಮಾಡುತ್ತ, ಹೂದೋಟ ಅಗೆಯುತ್ತ, ಹೆಚ್ಚುಕಡಿಮೆ ಮನೆ ಬಾಗಿಲಿಗೇ ಬಂದವು. ಹಳೇ ಫೋಟೋಗಳಲ್ಲಿ ಕಿಟಕಿಯ ಹೊರಗೆ ಮಣ್ಣಿನ ದಿಬ್ಬ ಕಾಣುತ್ತದೆ.

ವಿಶೇಷ ಅಂದರೆ ಇದನ್ನು ವಿರೋಧಿಸಿದವರಲ್ಲಿ ಗಣಿ ಕೆಲಸಗಾರರೂ ಇದ್ದರು. ಯಾರ್ಕ್‌ಷೈರ್ ಗಣಿ ಕಾರ್ಮಿಕರ ನಾಯಕ ಜೋ ಹಾಲ್ ಪ್ರಧಾನಿ ಆಟ್ಲಿಯವರ ತನಕ ದೂರು ಒಯ್ದರು. ತೋಟ ಊರಿನವರು ತಿರುಗಾಡುವ ಜಾಗವಾಗಿತ್ತು. ಆದರೂ ಅಗೆತ ನಿಲ್ಲಲಿಲ್ಲ. 1948ರಲ್ಲಿ ಎಂಟನೇ ಅರ್ಲ್ ವಿಮಾನ ಅಪಘಾತದಲ್ಲಿ ಸತ್ತರು. ಜೊತೆಗೆ ಸತ್ತವರು ಕ್ಯಾಥ್ಲೀನ್ ಕೆನಡಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಕೆನಡಿಯ ತಂಗಿ. ಆಮೇಲೆ ಮನೆಯಲ್ಲಿ ಹೆಣ್ಣುಮಕ್ಕಳ ದೈಹಿಕ ಶಿಕ್ಷಣದ ಕಾಲೇಜು ನಡೆಯಿತು. 1979ರಲ್ಲಿ ಹತ್ತನೇ ಅರ್ಲ್ ವಾರಸುದಾರರಿಲ್ಲದೆ ತೀರಿಕೊಂಡರು, ಪದವಿಯೂ ಮುಗಿಯಿತು. 2017ರಲ್ಲಿ ಒಂದು ಟ್ರಸ್ಟ್ 70 ಲಕ್ಷ ಪೌಂಡ್‌ಗೆ ಮನೆ ಕೊಂಡು ಚಾವಣಿ ರಿಪೇರಿ ಮಾಡಿಸುತ್ತಿದೆ. ಬೆಲೆ ನೋಡಿ ಅಗ್ಗ ಅಂದುಕೊಳ್ಳಬೇಡಿ, ರಿಪೇರಿ ಖರ್ಚು ಅದರ ಎಷ್ಟೋ ಪಟ್ಟು.

ಚುರುಮುರಿ:
ಆ ಕ್ಯಾಥ್ಲೀನ್ ಕೆನಡಿ ಡೆವನ್‌ಷೈರ್ ಡ್ಯೂಕಿನ ಹಿರಿಸೊಸೆ ಅಲ್ವಾ? ಚಾಟ್ಸ್‌ವರ್ತ್ ಮನೆಯವರು.

ಶೆಫೀಲ್ಡ್ ಕನ್ನಡಿಗ:
ಹೌದು. ಗಂಡ 1944ರ ಮೇ ತಿಂಗಳಲ್ಲಿ ಮದುವೆಯಾಗಿ ಸೆಪ್ಟೆಂಬರಿನಲ್ಲಿ ಬೆಲ್ಜಿಯಮ್ಮಿನ ಯುದ್ಧಭೂಮಿಯಲ್ಲಿ ಸತ್ತ. ಆ ಮನೆಗೆ ಬಿದ್ದದ್ದು ನಿಜವಾಗಿಯೂ ಮರಣ ತೆರಿಗೆಯೇ. ಹತ್ತನೇ ಡ್ಯೂಕ್ 1946ರಲ್ಲಿ ಆಸ್ತಿಯನ್ನು ಕಿರಿಮಗನ ಕಡೆಗೆ ವರ್ಗಾಯಿಸಿದರು. ವರ್ಗಾಯಿಸಿ ಐದು ವರ್ಷ ಬದುಕಿದ್ದರೆ ಡ್ಯೂಟಿ ಇಲ್ಲ. 1950ರ ನವೆಂಬರಿನಲ್ಲಿ, ಗಡುವಿಗೆ ಮೂರ್ನಾಲ್ಕು ತಿಂಗಳು ಇರುವಾಗ, ಸೌದೆ ಒಡೆಯುತ್ತಿದ್ದವರು ಹೃದಯಾಘಾತದಿಂದ ಹೋದರು. ವಯಸ್ಸು 55. ಆಗ ಡ್ಯೂಟಿ ನೂರಕ್ಕೆ 80. ಹಾರ್ಡ್‌ವಿಕ್ ಹಾಲ್ ಅನ್ನುವ ಹಳೇ ಮನೆ, ಒಳ್ಳೊಳ್ಳೆಯ ಚಿತ್ರಗಳು, ಹತ್ತಾರು ಸಾವಿರ ಎಕರೆ ಎಲ್ಲ ಕೊಟ್ಟರೂ ಬಾಕಿ ತೀರಲು ಇಪ್ಪತ್ತು ವರ್ಷದ ಮೇಲೆ ಹಿಡಿಯಿತು.

ಚುರುಮುರಿ:
ಅವರನ್ನು ನೋಡುತ್ತಿದ್ದ ಡಾಕ್ಟರ್ ಮೇಲೆ ಮುಂದೆ ಬೇರೆ ರೋಗಿಯನ್ನು ಕೊಂದ ಕೇಸ್ ನಡೆಯಿತು, 1957ರಲ್ಲಿ! ಓದಿ ತಲೆ ತಿರುಗಿತು.

ಲೆಕ್ಕದಕ್ಕ:
ಖುಲಾಸೆ ಆಯ್ತು ಅನ್ನುವುದನ್ನೂ ಸೇರಿಸಿ ಬರೆಯಪ್ಪ.

ಹಳೇಬೇರು:
ಅಂದರೆ ತೆರಿಗೆಯೂ ಒಂದು ಕಾರಣ ಅಂತ ಆಯ್ತಲ್ಲ.

ಮೂಲೆಮನೆ:
1940ರ ನಂತರ, ಹೌದು. ಎರಡನೇ ಯುದ್ಧದಲ್ಲಿ ಸರ್ಕಾರ ಈ ಮನೆಗಳನ್ನು ಸೈನಿಕರಿಗೆ, ಆಸ್ಪತ್ರೆಗೆ, ಶಾಲೆಗೆ ಅಂತ ವಶ ಮಾಡಿಕೊಂಡಿತ್ತು. ವಾಪಸ್ ಬಂದಾಗ ಸೀಸದ ಚಾವಣಿ ಸೋರುತ್ತಿತ್ತು. ಕೆಲಸದವರು ಕಾರ್ಖಾನೆ ಸೇರಿದ್ದರು, ಮತ್ತೆ ಬರಲಿಲ್ಲ. 1950ರ ದಶಕದಲ್ಲಿ ಕೆಡವಿದ ಮನೆಗಳಿಗೆ ಲೆಕ್ಕವೇ ಇಲ್ಲದ ಹಾಗಾಯ್ತು. ಲಾಂಗ್‌ಲೀಟ್ ಮನೆಯವರು 1949ರಲ್ಲಿ ಟಿಕೆಟ್ ಇಟ್ಟು ಜನರನ್ನು ಒಳಗೆ ಬಿಟ್ಟರು, 1966ರಲ್ಲಿ ತೋಟದಲ್ಲಿ ಸಿಂಹ ಸಾಕಿದರು. ಊರಿನವರು ಹೆದರಿ ಗಲಾಟೆ ಮಾಡಿದರು, ಜನ ಮಾತ್ರ ಕಾರು ತುಂಬಿಕೊಂಡು ಬಂದರು.

ಆದರೆ ಎಲ್ಲರೂ ಹೋದರು ಅಂದುಕೊಳ್ಳಬೇಡಿ. ಗ್ರೋಸ್ವೆನರ್ ಮನೆತನ, ಅಂದರೆ ವೆಸ್ಟ್‌ಮಿನ್‌ಸ್ಟರ್ ಡ್ಯೂಕುಗಳನ್ನು ನೋಡಿ. 1677ರಲ್ಲಿ ಮೇರಿ ಡೇವೀಸ್ ಅನ್ನುವ 12 ವರ್ಷದ ಹುಡುಗಿಯನ್ನು ಮದುವೆಯಾದಾಗ ಲಂಡನ್ನಿನ ಹೊರಗಿನ ಜೌಗು ನೆಲ ಬಂತು. ಈಗ ಅದು ಲಂಡನ್ನಿನ ದುಬಾರಿ ಬಡಾವಣೆಗಳಾದ ಮೇಫೇರ್, ಬೆಲ್‌ಗ್ರೇವಿಯಾ. ಗೋಧಿ ಬೆಲೆ ಬಿದ್ದರೆ ಲಂಡನ್ ಮನೆ ಬಾಡಿಗೆ ಬೀಳುತ್ತಾ? ಅವರು ನೆಲ ಮಾರುವುದಿಲ್ಲ, 99 ವರ್ಷದ ಲೀಸಿಗೆ ಕೊಡುತ್ತಾರೆ. ಲೀಸ್ ಮುಗಿದಾಗ ಮೇಲಿನ ಕಟ್ಟಡವೂ ಅವರದೇ. ಮನೆಯಲ್ಲಿರುವವರಿಗೆ ನೆಲ ಕೊಳ್ಳುವ ಹಕ್ಕು ಕೊಟ್ಟ 1967ರ ಕಾನೂನಿನ ವಿರುದ್ಧ ಯುರೋಪಿನ ಮಾನವ ಹಕ್ಕು ಕೋರ್ಟಿನ ತನಕ ಹೋಗಿ 1986ರಲ್ಲಿ ಸೋತರು. ಸೋತರೂ 2016ರಲ್ಲಿ ಆರನೇ ಡ್ಯೂಕ್ ತೀರಿಕೊಂಡಾಗ ಆಸ್ತಿ ಸುಮಾರು 900 ಕೋಟಿ ಪೌಂಡ್ ಅಂತ ಅಂದಾಜು. ಬಹುಪಾಲು ಟ್ರಸ್ಟಿನಲ್ಲಿದ್ದ ಕಾರಣ ನೂರಕ್ಕೆ 40ರ ಮರಣ ತೆರಿಗೆ ಅದರ ತಂಟೆಗೇ ಹೋಗಲಿಲ್ಲ.

ಲೆಕ್ಕದಕ್ಕ:
ಕೃಷಿ ಭೂಮಿಗೂ 1992ರಿಂದ ಪೂರ್ತಿ ವಿನಾಯಿತಿ ಇತ್ತು. 2024ರ ಬಜೆಟ್‌ನಲ್ಲಿ ಅದಕ್ಕೆ ಮಿತಿ ಹಾಕುತ್ತೇವೆ ಅಂದಾಗ ರೈತರು ಟ್ರ್ಯಾಕ್ಟರ್ ತಗೊಂಡು ಲಂಡನ್ನಿಗೆ ಹೋದದ್ದು ನೆನಪಿರಬಹುದು.

ಅಂದ ಹಾಗೆ 1894ರ ಕಾನೂನಿನ ಮಾದರಿಯಲ್ಲೇ ನಮ್ಮಲ್ಲೂ 1953ರಲ್ಲಿ ಎಸ್ಟೇಟ್ ಡ್ಯೂಟಿ ಬಂತು. 20 ಲಕ್ಷ ದಾಟಿದ ಭಾಗಕ್ಕೆ ನೂರಕ್ಕೆ 85ರ ತನಕ ಹೋಗಿತ್ತು. ವಸೂಲಿ ಜುಜುಬಿ, ತಕರಾರು ಜಾಸ್ತಿ. 1985ರಲ್ಲಿ ವಿ.ಪಿ. ಸಿಂಗ್ ತೆಗೆದುಹಾಕಿದರು.

ಗಿರಣಿ ಹುಡುಗ:
ಇಷ್ಟೊಂದು ಚರ್ಚೆಯಲ್ಲಿ ಟಿಪ್ಪುವಿನ ಟೆಂಟ್ ಬರಲೇ ಇಲ್ಲ. ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ ಅಂತಾರಲ್ಲ?

ತುಂಗಾತೀರ:
ಇದೆ. ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್. ಹೆಂಡತಿ ಹೆನ್ರಿಯೆಟ್ಟಾ ಪೋವಿಸ್ ಮನೆತನದವಳು. 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿದ್ದಳು. ಟಿಪ್ಪುವಿನ ಹೂಬಳ್ಳಿಯ ಅಚ್ಚಿನ ಹತ್ತಿ ಬಟ್ಟೆಯ ಟೆಂಟ್, ಸಿಂಹಾಸನದ ಒಂದು ಹುಲಿ ತಲೆ ಹೀಗೆ ಆ ಮನೆ ಸೇರಿದವು. ಟೆಂಟನ್ನು ತೋಟದ ಪಾರ್ಟಿಗಳಿಗೆ ಶಾಮಿಯಾನದಂತೆ ಬಳಸುತ್ತಿದ್ದರಂತೆ. ನಾಲ್ಕನೇ ಅರ್ಲ್‌ನ ಗಂಡುಮಕ್ಕಳಿಬ್ಬರೂ ಎರಡು ಯುದ್ಧಗಳಲ್ಲಿ ತೀರಿಕೊಂಡಿದ್ದರು. 1952ರಲ್ಲಿ ಅವರು ಹೋದ ಮೇಲೆ ಕೋಟೆ ನ್ಯಾಷನಲ್ ಟ್ರಸ್ಟಿಗೆ, ಅಂದರೆ ಹಳೇ ಮನೆಗಳನ್ನು ಕಾಪಾಡುವ ಸಂಸ್ಥೆಗೆ ಬಂತು.

ಶೆಫೀಲ್ಡ್ ಕನ್ನಡಿಗ:
ಹೋಗುವವರು ವೆಲ್ಷ್‌ಪೂಲ್ ಸ್ಟೇಷನ್ನಿಗೆ ಟಿಕೆಟ್ ತಗೊಳ್ಳಿ, ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಟೆಂಟ್ ಈಗ ಪ್ರದರ್ಶನದಲ್ಲಿದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಹಳೇ ಬಟ್ಟೆ, ಬೆಳಕಿಗೆ ಹಾಳಾಗುತ್ತೆ ಅಂತ ಆಗಾಗ ತೆಗೆದಿಡುತ್ತಾರೆ.